ಮೊಬೈಲಿನಲ್ಲಿ ಮಿಣುಕುವ ಕೆಂಪು ಪುಡಿ: ಯುರೋಪಿಯಂ ಹರಳು ನಿಜವಾಗಿಯೂ ಮಿಣುಕುತ್ತದಾ?

ಕೆಂಪುಪುಡಿ_ಹುಡುಗಿ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಕೊನೇ ಸೆಮಿಸ್ಟರ್‌ನಲ್ಲಿದ್ದೇನೆ. ಪ್ರಾಜೆಕ್ಟಿಗೆ ಯುರೋಪಿಯಂ ಸೇರಿಸಿದ ಯಿಟ್ರಿಯಂ ಆಕ್ಸೈಡ್ ಪುಡಿ ಮಾಡಿದ್ದೇನೆ. ಕಂಬಷನ್ ವಿಧಾನ. ಎರಡೂ ನೈಟ್ರೇಟ್‌ಗಳನ್ನು ಯೂರಿಯಾ ಜೊತೆ ನೀರಲ್ಲಿ ಕರಗಿಸಿ 500 ಡಿಗ್ರಿಯ ಮಫಲ್ ಫರ್ನೇಸಿನಲ್ಲಿ ಇಟ್ಟರೆ ಮೊದಲು ಕುದಿಯುತ್ತದೆ, ಆಮೇಲೆ ಅಂಟಂಟಾಗುತ್ತದೆ, ಆಮೇಲೆ ಬುಸ್ ಅಂತ ಹೊತ್ತಿಕೊಂಡು ಬಟ್ಟಲ ತುಂಬಾ ಹಗುರವಾದ ಬಿಳಿ ಪುಡಿ ಉಳಿಯುತ್ತದೆ. ಯುರೋಪಿಯಂ ಶೇ. 5 ಹಾಕಿದ್ದೇನೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ) 29.2 ಡಿಗ್ರಿ ಹತ್ತಿರದ ದೊಡ್ಡ ಪೀಕಿನ ಅಗಲ 0.4 ಡಿಗ್ರಿ ಬಂದಿದೆ. ಪೀಕಿನ ಅಗಲದಿಂದ ಹರಳಿನ ಗಾತ್ರ ಹೇಳುವ ಷೆರರ್ ಸೂತ್ರದ ಪ್ರಕಾರ ಅದು ಸುಮಾರು 20 ನ್ಯಾನೋಮೀಟರ್.

ಈಗ ವಿಷಯಕ್ಕೆ ಬರ್ತೀನಿ. ಲ್ಯಾಬಿನ ಯುವಿ ಕ್ಯಾಬಿನೆಟ್ಟಿನಲ್ಲಿ 254 ನ್ಯಾನೋಮೀಟರ್ ದೀಪ ಹಾಕಿದರೆ ಪುಡಿ ಕೆಂಡದಷ್ಟು ಕೆಂಪು. ನೋಟು ಪರೀಕ್ಷೆ ಮಾಡುವ ಸಣ್ಣ ಟಾರ್ಚ್ ಬಿಟ್ಟರೆ ಮಾತ್ರ ಏನೋ ಮಂಕು ಮಂಕು. ಮೊಬೈಲಿನಲ್ಲಿ ವಿಡಿಯೋ ತೆಗೆದಾಗ ಕೆಂಪು ಬೆಳಕು ಚಕಚಕ ಅಂತ ಮಿಣುಕುತ್ತದೆ. ಬರೀ ಕಣ್ಣಿಗೆ ಅಷ್ಟು ಗೊತ್ತಾಗುವುದಿಲ್ಲ. ಇದೇ ನ್ಯಾನೋ ಹರಳಿನ 'ಬ್ಲಿಂಕಿಂಗ್' (ಹರಳು ತಾನಾಗಿಯೇ ಹೊತ್ತಿ ಆರುವುದು) ಇರಬೇಕು, ಇದರ ಮೇಲೆ ಒಂದು ಅಧ್ಯಾಯ ಬರೆಯಬಹುದು ಅಂತ ನಮ್ಮ ಬ್ಯಾಚಿನವರು ಹೇಳುತ್ತಿದ್ದಾರೆ.

ಓದೋಕೆ ಕೂತರೆ ಇನ್ನೂ ಗೊಂದಲ. 2000ದ ಒಂದು ಪೇಪರಿನಲ್ಲಿ ಇದೇ ಯುರೋಪಿಯಂ-ಯಿಟ್ರಿಯಂ ಆಕ್ಸೈಡ್ ಹರಳು ಆನ್-ಆಫ್ ಆಗಿ ಮಿಣುಕುತ್ತದೆ ಅಂತ ಇದೆ. 2009ರ ಇನ್ನೊಂದರಲ್ಲಿ ರೇರ್-ಅರ್ಥ್ (ಯುರೋಪಿಯಂ ಜಾತಿಯ ಲೋಹಗಳು) ಹಾಕಿದ ನ್ಯಾನೋ ಹರಳು ಮಿಣುಕುವುದೇ ಇಲ್ಲ, ಅದೇ ಅದರ ದೊಡ್ಡ ಗುಣ ಅಂತ ಇದೆ. ಯಾವುದನ್ನು ನಂಬಬೇಕು? ನನ್ನ ವಿಡಿಯೋದಲ್ಲಿ ಕಾಣುವುದು ಏನು?

ಪಿಕ್ಚರ್‌ಟ್ಯೂಬ್, ಹಾಸನ

ತಂಗಿ, ನಾನು ಓದಿದ್ದು ಐಟಿಐ. ಟಿವಿ ರಿಪೇರಿ ಅಂಗಡಿ. ನಿಮ್ಮ ಪೇಪರ್ ಎಲ್ಲಾ ನನಗೆ ಗೊತ್ತಿಲ್ಲ, ಆದರೆ ವಿಡಿಯೋದ ಮಿಣುಕು ಯಾಕೆ ಅಂತ ಹೇಳಬಲ್ಲೆ.

ಕ್ಯಾಬಿನೆಟ್ ತೆಗೆದು ನೋಡಿ, ಒಳಗೆ ಟ್ಯೂಬಿಗೆ ಹಳೇ ಕಾಲದ ಚೋಕು, ಸ್ಟಾರ್ಟರ್ ಇರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಒಂದು ಸುತ್ತಿನಲ್ಲಿ ಎರಡು ಸಲ ಏರಿ ಇಳಿಯುವುದರಿಂದ ಟ್ಯೂಬು ಸೆಕೆಂಡಿಗೆ 100 ಸಲ ಮಂಕಾಗುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಮೊಬೈಲು ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ. 100ಕ್ಕೆ 30 ಸರಿಯಾಗಿ ಭಾಗ ಹೋಗುವುದಿಲ್ಲ, 10 ಉಳಿಯುತ್ತದೆ ಅಲ್ವಾ? ಆ 10 ನಿಮಗೆ ವಿಡಿಯೋದಲ್ಲಿ ಸೆಕೆಂಡಿಗೆ 10 ಸಲ ಮಿಣುಕಿದ ಹಾಗೆ ಕಾಣುತ್ತದೆ. ಹಳೇ ಟ್ಯೂಬ್‌ಲೈಟ್ ಕೆಳಗೆ ವಿಡಿಯೋ ತೆಗೆದರೆ ಪಟ್ಟೆ ಪಟ್ಟೆ ಓಡುವುದೂ ಇದೇ ಕಾರಣಕ್ಕೆ.

ಪರೀಕ್ಷೆ ಸುಲಭ. ಮೊಬೈಲ್ ಕ್ಯಾಮೆರಾದಲ್ಲಿ ಪ್ರೋ ಮೋಡ್ ಇದ್ದರೆ ಶಟರ್ 1/100 ಅಥವಾ 1/50 ಇಡಿ. ಮಿಣುಕು ಹೋದರೆ ಅದು ಕರೆಂಟಿಂದು, ನಿಮ್ಮ ಪುಡಿಯದ್ದಲ್ಲ. ಇನ್ನೊಂದು, ಪುಡಿ ಪಕ್ಕದಲ್ಲೇ ಒಂದು ಚೂರು ಬಿಳಿ ಜೆರಾಕ್ಸ್ ಹಾಳೆ ಇಟ್ಟು ಒಂದೇ ಫ್ರೇಮಿನಲ್ಲಿ ತೆಗೆಯಿರಿ. ಹಾಳೆಗೆ ಬೆಳ್ಳಗೆ ಕಾಣಲಿ ಅಂತ ಹಾಕಿರುವ ಕೆಮಿಕಲ್ ಯುವಿಯಲ್ಲಿ ನೀಲಿಯಾಗಿ ಹೊಳೆಯುತ್ತದೆ. ಎರಡೂ ಒಟ್ಟಿಗೆ ಮಿಣುಕಿದರೆ ಕಥೆ ಮುಗಿಯಿತು.

ಅಂದ ಹಾಗೆ ನಿಮ್ಮ ಯುರೋಪಿಯಂ ನಮ್ಮ ಹಳೇ ದೋಸ್ತ್. ಕಲರ್ ಟಿವಿ ಪಿಕ್ಚರ್ ಟ್ಯೂಬಿನ ಕೆಂಪು ಅದೇ, ಸಿಎಫ್‌ಎಲ್ ಬಲ್ಬಿನ ಬಿಳಿ ಪುಡಿಯಲ್ಲಿ ಕೆಂಪು ಕೊಡುವುದೂ ಅದೇ. ಸಿಎಫ್‌ಎಲ್ ಯಾಕೆ ಹೀಗೆ ಮಿಣುಕುವುದಿಲ್ಲ ಅಂದರೆ ಅದರ ಬುಡದಲ್ಲಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುತ್ತದೆ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಓಡಿಸುತ್ತದೆ. ಪುಡಿ ಹೆಚ್ಚು ಕಡಿಮೆ ಅದೇ.

ಕ್ಯಾಬಿನೆಟ್ ಬಾಗಿಲು ತೆಗೆದು ಬರಿಗಣ್ಣಲ್ಲಿ 254 ದೀಪ ನೋಡಬೇಡಿ. ಕಣ್ಣು ರಾತ್ರಿಯೆಲ್ಲಾ ಮರಳು ಬಿದ್ದಂತೆ ಉರಿಯುತ್ತದೆ.

ಗಿರಿತಪ್ಪಲು, ಚಿಕ್ಕಮಗಳೂರು

ಅಂಗಡಿಯವರು ಸರಿಯಾಗಿ ಹೇಳಿದ್ದಾರೆ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು ನಾನು, ಈಗ ಗಿರಿ ಕೆಳಗೆ ಒಂದಿಷ್ಟು ಕಾಫಿ ನೋಡಿಕೊಂಡಿದ್ದೇನೆ. ಪುಡಿ ಯಾಕೆ ಹೊಳೆಯುತ್ತದೆ ಅನ್ನುವುದು ಸರಿಯಾಗಿ ತಿಳಿದರೆ ಮಿಣುಕಿನ ಪ್ರಶ್ನೆ ಅರ್ಧ ಬಗೆಹರಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನೋಡಮ್ಮಾ, ಯುರೋಪಿಯಂನಲ್ಲಿ ಬೆಳಕು ಕೊಡುವ ಎಲೆಕ್ಟ್ರಾನ್‌ಗಳು 4ಎಫ್ ಎಂಬ ಒಳಗಿನ ಕವಚದಲ್ಲಿವೆ. ಅದರ ಹೊರಗೆ 5ಎಸ್, 5ಪಿ ಕವಚಗಳು ತುಂಬಿ ನಿಂತಿವೆ. ಹೊರಗಿನ ಗಲಾಟೆ ಒಳಗಿನವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಅದಕ್ಕೇ ರೇರ್-ಅರ್ಥ್ ಬೆಳಕಿನ ರೇಖೆಗಳು ಅಷ್ಟು ಸಪೂರ. ಯಿಟ್ರಿಯಂ ಆಕ್ಸೈಡಿನಲ್ಲಿ ಯುರೋಪಿಯಂನ ಮುಖ್ಯ ರೇಖೆ 611-612 ನ್ಯಾನೋಮೀಟರ್ ಹತ್ತಿರ. ಹರಳು 20 ನ್ಯಾನೋಮೀಟರ್ ಇರಲಿ, 2 ಮೈಕ್ರಾನ್ ಇರಲಿ, ಅದು ಅಲ್ಲೇ ಇರುತ್ತದೆ. ಕ್ವಾಂಟಮ್ ಡಾಟ್ (ಕೆಲವೇ ನ್ಯಾನೋಮೀಟರಿನ ಅರೆವಾಹಕ ಹರಳು) ಹಾಗಲ್ಲ. ಅಲ್ಲಿ ಎಲೆಕ್ಟ್ರಾನು ಇಡೀ ಹರಳಿನಲ್ಲಿ ಹರಡಿಕೊಂಡಿರುತ್ತದೆ, ಆದ್ದರಿಂದ ಗಾತ್ರ ಬದಲಾದರೆ ಬಣ್ಣವೇ ಬದಲಾಗುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟಾರ್ಚಿಗೆ ಯಾಕೆ ಮಂಕು ಅಂತ ಕೇಳಿದ್ದಿರಿ. 4ಎಫ್ ಒಳಗೇ ಒಂದು ಮಟ್ಟದಿಂದ ಇನ್ನೊಂದಕ್ಕೆ ಜಿಗಿಯುವುದಕ್ಕೆ ನಿಯಮದ ಅಡ್ಡಿ ಇದೆ, ಲಪೋರ್ಟ್ ನಿಯಮ ಅಂತ ನೀವೂ ಓದಿರುತ್ತೀರಿ. ಹರಳಿನ ಸಮ್ಮಿತಿ ಸ್ವಲ್ಪ ಕೆಟ್ಟಿದ್ದರೆ ಅಡ್ಡಿ ಸಡಿಲವಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ 395ರ ಹತ್ತಿರ, 465ರ ಹತ್ತಿರ ನೇರವಾಗಿ ಹೀರಿಕೊಳ್ಳುವ ರೇಖೆಗಳಿದ್ದರೂ ಬಲ ಕಡಿಮೆ. 365ರ ಟಾರ್ಚಾದರೆ ಅದೂ ಸರಿಯಾಗಿ ಸಿಕ್ಕುವುದಿಲ್ಲ. 250 ನ್ಯಾನೋಮೀಟರ್ ಆಸುಪಾಸಿನಲ್ಲಿ ಮಾತ್ರ ಆಕ್ಸಿಜನ್ನಿನಿಂದ ಯುರೋಪಿಯಂಗೆ ಎಲೆಕ್ಟ್ರಾನ್ ದಾಟುವ ಅಗಲವಾದ ಪಟ್ಟಿ ಇದೆ. ಅದು ಬಲವಾಗಿ ಹೀರುತ್ತದೆ. ಪಾದರಸದ ದೀಪದ 254 ಸರಿಯಾಗಿ ಅಲ್ಲಿಗೇ ಹೋಗಿ ಬೀಳುತ್ತದೆ. ಟ್ಯೂಬ್‌ಲೈಟಿನವರಿಗೆ ಈ ಪುಡಿ ಇಷ್ಟವಾಗಿದ್ದೂ ಅದಕ್ಕೇ.

ಅದೇ ಅಡ್ಡಿಯಿಂದ ಇನ್ನೊಂದು ಪರಿಣಾಮ. ಒಮ್ಮೆ ಮೇಲೇರಿದ ಯುರೋಪಿಯಂ ಬೆಳಕು ಬಿಟ್ಟು ಇಳಿಯಲು ಸುಮಾರು 1 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಪರಮಾಣು ಲೋಕದಲ್ಲಿ ಇದು ಬಹಳ ನಿಧಾನ. ಆದರೆ ನಿಮ್ಮ ದೀಪ 10 ಮಿಲಿಸೆಕೆಂಡಿಗೊಮ್ಮೆ ಮಂಕಾಗುತ್ತದೆ, ಅದಕ್ಕಿಂತ ಪುಡಿಯೇ ಬೇಗ. ಆದ್ದರಿಂದ ದೀಪ ಇಳಿದಾಗ ಪುಡಿಯೂ ಇಳಿಯುತ್ತದೆ, ಮೊಬೈಲಿಗೆ ಸಿಕ್ಕಿಬೀಳುತ್ತದೆ. ರಾತ್ರಿ ಗೋಡೆಯಲ್ಲಿ ಹಸಿರಾಗಿ ಹೊಳೆಯುವ ನಕ್ಷತ್ರದ ಸ್ಟಿಕರ್ ಇರುತ್ತದಲ್ಲಾ, ಅದು ಯುರೋಪಿಯಂ-ಡಿಸ್‌ಪ್ರೋಸಿಯಂ ಹಾಕಿದ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಆಗಿದ್ದರೆ ಗಂಟೆಗಟ್ಟಲೆ ಬೆಳಕು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಇದೇ ದೀಪದ ಕೆಳಗಿಟ್ಟರೆ ಇಷ್ಟು ಮಿಣುಕು ಕಾಣಿಸುವುದಿಲ್ಲ. ಬೇಕಾದರೆ ಪಕ್ಕದಲ್ಲಿಟ್ಟು ನೋಡಿ, ಪ್ರಾಜೆಕ್ಟಿಗೆ ಒಳ್ಳೇ ಚಿತ್ರವಾಗುತ್ತದೆ.

ಇನ್ನು ನಿಜವಾದ ಬ್ಲಿಂಕಿಂಗ್. ಮುಂಗಾರಿಗೆ ಮೊದಲು ತೋಟದ ಮರಗಳಲ್ಲಿ ಮಿಂಚುಹುಳ ಕೂರುತ್ತವೆ. ಒಂದು ಹುಳವನ್ನೇ ನೋಡಿದರೆ ಹೊತ್ತುವುದು ಆರುವುದು ಸ್ಪಷ್ಟ. ಒಂದು ಮರದಲ್ಲಿ ಐದು ಸಾವಿರ ಹುಳ ತಮ್ಮ ಪಾಡಿಗೆ ತಾವು ಹೊತ್ತಿ ಆರುತ್ತಿದ್ದರೆ ದೂರದಿಂದ ಮರ ಒಂದೇ ಸಮ ಬೆಳಗಿದಂತೆ ಕಾಣುತ್ತದೆ. ನಿಮ್ಮ ಪುಡಿಯ ಪಾಡೂ ಅದೇ. ಒಂದು ಚಿಟಿಕೆಯಲ್ಲಿ ಎಷ್ಟು ಯುರೋಪಿಯಂ ಅಯಾನ್ (ಚಾರ್ಜ್ ಇರುವ ಪರಮಾಣು) ಇದೆ ಅಂತ ಲೆಕ್ಕ ಹಾಕಿ, ಗೊತ್ತಾಗುತ್ತದೆ.

ಸುಮ್ನೆ_ಓದುಗ, ಮೂಡಿಗೆರೆ

ಮೇಷ್ಟ್ರೇ, ಅಡ್ಡ ಮಾತಾಡ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆ ಮಿಂಚುಹುಳ ಒಂದು ಮರದಲ್ಲಿ ಜಾಸ್ತಿ ಸೇರಿದಾಗ ತಮ್ಮ ಪಾಡಿಗೆ ತಾವು ಹೊತ್ತುವುದಿಲ್ಲ. ಇಡೀ ಮರ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತದೆ, ಅಲೆ ಅಲೆಯಾಗಿ. ನೀವೂ ನೋಡಿರುತ್ತೀರಿ. ಹಾಗೆ ಅಯಾನ್‌ಗಳೂ ಒಟ್ಟಿಗೆ ಹೊತ್ತಿ ಆರಿದರೆ? ಸಂಖ್ಯೆ ಜಾಸ್ತಿ ಅಂತ ಮಿಣುಕು ಅಳಿಸಿಹೋಗುವುದಿಲ್ಲ ಅಲ್ವಾ?

ಗಿರಿತಪ್ಪಲು, ಚಿಕ್ಕಮಗಳೂರು

ಒಳ್ಳೇ ಪ್ರಶ್ನೆ ಕಣಪ್ಪಾ. ಇದಕ್ಕೆ ಮೈಕ್ರೋಸ್ಕೋಪಿನಲ್ಲಿ ಕೆಲಸ ಮಾಡುವವರು ಉತ್ತರ ಹೇಳಿದರೆ ಚೆಂದ. ಸಕಲೇಶಪುರದ ಹುಡುಗಿ ಒಬ್ಬಳು ಇಲ್ಲಿ ಬರೆಯುತ್ತಿದ್ದಳು, ಕರೆಯಿರಿ.

ಹೇಮಾವತಿ_ದಂಡೆ, ಸಕಲೇಶಪುರ / ಬೆಂಗಳೂರು

ಕರೆದಿದ್ದಕ್ಕೆ ಬಂದೆ ಸರ್. ಪಿಎಚ್‌ಡಿಯಲ್ಲಿ ಒಂದೊಂದೇ ಕಣವನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಲೆಕ್ಕ. ಯಿಟ್ರಿಯಂ ಆಕ್ಸೈಡಿನ ಒಂದು ಘಟಕ ಕೋಶದ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಡಬ್ಬಿ) ಬದಿ 1.06 ನ್ಯಾನೋಮೀಟರ್, ಅದರಲ್ಲಿ 32 ಯಿಟ್ರಿಯಂ. ಅಂದರೆ ಒಂದು ಘನ ನ್ಯಾನೋಮೀಟರಿಗೆ ಸುಮಾರು 27. 20 ನ್ಯಾನೋಮೀಟರ್ ವ್ಯಾಸದ ಉಂಡೆಯಲ್ಲಿ ಒಂದು ಲಕ್ಷ ಹನ್ನೆರಡು ಸಾವಿರದಷ್ಟು ಯಿಟ್ರಿಯಂ ಜಾಗಗಳು. ಶೇ. 5 ಅಂದರೆ 5,600 ಯುರೋಪಿಯಂ, ಒಂದೇ ಹರಳಿನಲ್ಲಿ! ಪ್ರತಿಯೊಂದೂ ಸ್ವತಂತ್ರವಾಗಿ ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಆಗುತ್ತಿದ್ದರೂ ಒಟ್ಟು ಬೆಳಕಿನ ಏರಿಳಿತ 5,600ರ ವರ್ಗಮೂಲದಲ್ಲಿ ಒಂದು ಭಾಗ, ಅಂದರೆ ಶೇ. 1.3. ಅದು ಒಂದು ಹರಳಿಗೆ. ಹತ್ತು ಮಿಲಿಗ್ರಾಂ ಪುಡಿಯಲ್ಲಿ ಇಂಥ ಹರಳು ಸುಮಾರು ಐದು ಕೋಟಿ ಕೋಟಿ. ಮೊಬೈಲಿನಲ್ಲಿ ಕಂಡಿದ್ದು ಬ್ಲಿಂಕಿಂಗ್ ಆಗಿರಲು ಸಾಧ್ಯವೇ ಇಲ್ಲ. ಬ್ಯಾಚಿನವರಿಗೆ ಇಷ್ಟು ಹೇಳಿದರೆ ಸಾಕು.

ಈಗ ಮೂಡಿಗೆರೆಯವರ ಪ್ರಶ್ನೆ, ಅಸಲು ವಿಷಯ ಅಲ್ಲೇ ಇದೆ. ಕ್ವಾಂಟಮ್ ಡಾಟ್ ಒಟ್ಟಿಗೇ ಆರುವ ಜಾತಿ. 1996ರಲ್ಲಿ ಕ್ಯಾಡ್ಮಿಯಂ ಸೆಲೆನೈಡ್ ಡಾಟ್‌ಗಳನ್ನು ಒಂದೊಂದಾಗಿ ನೋಡಿದಾಗ ಅವು ಹೊತ್ತಿ ಆರುವುದು ಕಂಡಿತು. ಆ ಪೇಪರಿನಲ್ಲಿ ಬವೆಂಡಿ, ಬ್ರಸ್ ಇಬ್ಬರೂ ಇದ್ದರು, 2023ರ ಕೆಮಿಸ್ಟ್ರಿ ನೊಬೆಲ್ ಎಕಿಮೋವ್ ಜೊತೆ ಅವರಿಗೇ ಬಂತು. ಮರುವರ್ಷ ಎಫ್ರೋಸ್ ಮತ್ತು ರೋಸೆನ್ ಒಂದು ವಿವರಣೆ ಕೊಟ್ಟರು. ಡಾಟ್‌ನಿಂದ ಒಂದು ಎಲೆಕ್ಟ್ರಾನ್ ಹೊರಗೆ ಹೋಗಿ ಎಲ್ಲೋ ಸಿಕ್ಕಿಕೊಂಡರೆ ಒಳಗೆ ಒಂದು ಚಾರ್ಜ್ ಹೆಚ್ಚಾಗಿ ಉಳಿಯುತ್ತದೆ. ಆಮೇಲೆ ಬರುವ ಪ್ರತಿಯೊಂದು ಶಕ್ತಿಯೂ ಬೆಳಕಾಗುವ ಬದಲು ಆ ಹೆಚ್ಚುವರಿ ಚಾರ್ಜಿಗೆ ಹೋಗಿ ಬಿಸಿಯಾಗಿ ಮುಗಿಯುತ್ತದೆ, ಅದೂ ಪಿಕೋಸೆಕೆಂಡ್ ವೇಗದಲ್ಲಿ. ಓಜೆ ಕ್ರಿಯೆ ಅಂತ ಹೆಸರು. ಇಡೀ ಡಾಟಿಗೆ ಒಂದೇ ಎಲೆಕ್ಟ್ರಾನ್ ವ್ಯವಸ್ಥೆ ಇರುವುದರಿಂದ ಒಂದು ಚಾರ್ಜ್ ಸಾಕು, ಇಡೀ ಡಾಟ್ ಕತ್ತಲು. ಸಿಕ್ಕಿಕೊಂಡಿದ್ದು ವಾಪಸ್ ಬಂದಾಗ ಮತ್ತೆ ಬೆಳಕು. ಎಷ್ಟು ಹೊತ್ತು ಆಫ್ ಅನ್ನುವುದಕ್ಕೆ ಒಂದು ಸರಾಸರಿಯೇ ಸಿಗುವುದಿಲ್ಲ, ಮಿಲಿಸೆಕೆಂಡೂ ಆಗಬಹುದು, ನಿಮಿಷವೂ ಆಗಬಹುದು. ಈ ವಿವರಣೆಯೊಂದೇ ಎಲ್ಲಾ ಡಾಟ್‌ಗಳಿಗೂ ಸಾಲುವುದಿಲ್ಲ ಅಂತ ಆಮೇಲೆ ಗೊತ್ತಾಯಿತು, ಆದರೆ ಬುನಾದಿ ಇದು. 2008ರಲ್ಲಿ ದಪ್ಪ ಶೆಲ್ ಹೊದಿಸಿ ಮಿಣುಕು ಬಹಳಷ್ಟು ನಿಲ್ಲಿಸಿದರು.

ರೇರ್-ಅರ್ಥ್ ಹರಳಿನಲ್ಲಿ ಶಕ್ತಿ ಒಂದೊಂದು ಅಯಾನಿನ ಒಳಗೆ 4ಎಫ್‌ನಲ್ಲಿ ಕೂತಿರುತ್ತದೆ. ಹರಳಿಗೆ ಎಲ್ಲೋ ಒಂದು ಚಾರ್ಜ್ ಬಂದು ಕೂತರೆ ಅದರ ಪಕ್ಕದ ಕೆಲವು ಅಯಾನುಗಳಿಗೆ ತೊಂದರೆ ಆದೀತು, ಮಿಕ್ಕ ಸಾವಿರಾರು ಅಯಾನುಗಳಿಗೆ ಅದರ ಪರಿವೆಯೇ ಇರುವುದಿಲ್ಲ. 2009ರಲ್ಲಿ ಬರ್ಕ್ಲಿ ಲ್ಯಾಬಿನವರು ನೋಡಿದ್ದು ಯಿಟರ್ಬಿಯಂ-ಎರ್ಬಿಯಂ ಹಾಕಿದ ಸೋಡಿಯಂ ಯಿಟ್ರಿಯಂ ಫ್ಲೋರೈಡ್ ಕಣಗಳನ್ನು. 980 ನ್ಯಾನೋಮೀಟರ್ ಇನ್‌ಫ್ರಾರೆಡ್ ಲೇಸರ್ ಹಾಯಿಸಿದರೆ ಯಿಟರ್ಬಿಯಂ ಹೀರಿ ಪಕ್ಕದ ಎರ್ಬಿಯಂಗೆ ದಾಟಿಸುತ್ತದೆ, ಎರಡು ಸಲ ದಾಟಿಸಿದರೆ ಎರ್ಬಿಯಂ 540ರ ಹಸಿರು, 655ರ ಕೆಂಪು ಬಿಡುತ್ತದೆ. ಈ ಅಪ್‌ಕನ್ವರ್ಷನ್ ವಿದ್ಯೆ 1960ರ ದಶಕದಿಂದ ಇದೆ, ಓಜೆಲ್ ಎಂಬ ಫ್ರೆಂಚ್ ವಿಜ್ಞಾನಿಯ ಕೆಲಸ ಅದರಲ್ಲಿ ದೊಡ್ಡದು. ಅಂಥ ಒಂದು ಕಣವನ್ನು ಒಂದು ಗಂಟೆಗೂ ಜಾಸ್ತಿ ನೋಡಿದರೂ ಆರಲಿಲ್ಲ, ಮಾಸಲೂ ಇಲ್ಲ. ಜೀವಕೋಶದೊಳಗೆ ಒಂದು ಪ್ರೋಟೀನಿನ ಹಿಂದೆ ಓಡುವವರಿಗೆ ಇದಕ್ಕಿಂತ ಬೇಕಾದ್ದು ಏನಿದೆ ಹೇಳಿ.

ಹಾಗಾದರೆ 2000ದ ಪೇಪರ್ ಸುಳ್ಳಾ? ಅಲ್ಲ. ಓಕ್ ರಿಡ್ಜ್ ಲ್ಯಾಬಿನವರು ನೋಡಿದ್ದು ಯುರೋಪಿಯಂ ಬೆರಳೆಣಿಕೆಯಷ್ಟಿರುವ, ಒಂದೇ ಅಯಾನ್ ಬೆಳಗುತ್ತಿದೆ ಅನ್ನುವಂಥ ಪುಟ್ಟ ಹರಳುಗಳನ್ನು. ಅವು ಆನ್-ಆಫ್ ಆದವು, ಆನ್ ಇದ್ದಾಗಲೂ ಬೇರೆ ಬೇರೆ ಪ್ರಕಾಶದ ಮಟ್ಟಗಳ ನಡುವೆ ಜಿಗಿದವು. ಅಲ್ಲಿ ಸರಾಸರಿ ಮಾಡುವುದಕ್ಕೆ ಬೇರೆ ಅಯಾನುಗಳೇ ಇಲ್ಲವಲ್ಲ. ಒಂದು ಅಯಾನಿನ ಸುತ್ತ ಮೇಲ್ಮೈಯಲ್ಲಿ ಏನೋ ಸ್ವಲ್ಪ ಬದಲಾದರೂ ಅದು ಹೀರುವ ಪ್ರಮಾಣ, ಬಿಡುವ ಪ್ರಮಾಣ ಎರಡೂ ಬದಲಾಗುತ್ತವೆ. ಮೇಷ್ಟ್ರು ಹೇಳಿದ 'ಸಮ್ಮಿತಿ ಕೆಟ್ಟರೆ ಅಡ್ಡಿ ಸಡಿಲ' ಇಲ್ಲಿ ಕೆಲಸಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಈ ಎರಡು ಪೇಪರುಗಳ ನಡುವೆ ಜಗಳವೇ ಇಲ್ಲ. ಒಂದು ಸಾವಿರಾರು ಅಯಾನುಗಳ ಹರಳು, ಇನ್ನೊಂದು ಒಂದೆರಡರ ಹರಳು.

ಒಂದು ಮಾತು ಮಾತ್ರ ಸೇರಿಸಬೇಕು. ಮೇಲಿನ ವರ್ಗಮೂಲದ ಲೆಕ್ಕ ಅಯಾನುಗಳು ಸ್ವತಂತ್ರ ಅಂತ ಒಪ್ಪಿಕೊಂಡು ಮಾಡಿದ್ದು. ಶೇ. 5ರಲ್ಲಿ ಎರಡು ಯುರೋಪಿಯಂಗಳ ನಡುವಿನ ಸರಾಸರಿ ದೂರ 1 ನ್ಯಾನೋಮೀಟರಿಗಿಂತ ಕಡಿಮೆ. ಅಷ್ಟು ಹತ್ತಿರ ಇದ್ದರೆ ಶಕ್ತಿ ಒಂದರಿಂದ ಒಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ದಾರಿಯಲ್ಲಿ ಒಂದು ಕೆಟ್ಟ ಜಾಗ ಸಿಕ್ಕರೆ ಹಲವು ಅಯಾನುಗಳ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಆ ಕೆಟ್ಟ ಜಾಗ ಬಂದು ಹೋಗುವಂಥದ್ದಾದರೆ ಒಂದಿಷ್ಟು ಅಯಾನುಗಳು ಒಟ್ಟಿಗೆ ಮಂಕಾಗಬಹುದು. ಮೂಡಿಗೆರೆಯವರ ಸಂಶಯಕ್ಕೆ ಅಷ್ಟರ ಮಟ್ಟಿಗೆ ಜೀವ ಇದೆ. ಪೂರ್ತಿ ಆರುವುದು ಬೇರೆ ಮಾತು.

ಕೆಂಪುಪುಡಿ_ಹುಡುಗಿ, ಹಾಸನ

ಅಬ್ಬಾ, ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. ಅಣ್ಣ ಹೇಳಿದ ಹಾಗೆ ಶಟರ್ 1/100 ಇಟ್ಟೆ, ಮಿಣುಕು ಮಾಯ. ಜೆರಾಕ್ಸ್ ಹಾಳೆ ಇಟ್ಟು ಹಳೇ ಸೆಟ್ಟಿಂಗಿನಲ್ಲಿ ತೆಗೆದರೆ ಹಾಳೆ, ಪುಡಿ ಎರಡೂ ಒಂದೇ ತಾಳಕ್ಕೆ ಮಿಣುಕುತ್ತವೆ. ಆದರೆ ಈಗ ಇನ್ನೊಂದು ಕಾಣುತ್ತಿದೆ. ದೀಪ ಹಾಕಿದ ಮೊದಲ ಕೆಲವು ನಿಮಿಷ ಪುಡಿಯ ಬೆಳಕು ನಿಧಾನಕ್ಕೆ ಬದಲಾಗುತ್ತದೆ. ಅದು ಪುಡಿಯದ್ದೋ ದೀಪದ್ದೋ?

ಹೇಮಾವತಿ ಅಕ್ಕಾ, ನಾನು ಯುರೋಪಿಯಂ ಶೇ. 0.1ಕ್ಕೆ ಇಳಿಸಿದರೆ ನಿಜವಾದ ಬ್ಲಿಂಕಿಂಗ್ ನೋಡಬಹುದಾ? ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಫ್ಲೂರೆಸೆನ್ಸ್ ಮೈಕ್ರೋಸ್ಕೋಪ್ ಇಲ್ಲ, ಆದರೆ ಬೇರೆ ಕಡೆ ಕೇಳಬಹುದು. ಮತ್ತೆ ಮಳೆಗಾಲದಲ್ಲಿ ಮಾಡಿದ ಬ್ಯಾಚು ಮೊದಲಿನದ್ದಕ್ಕಿಂತ ಮಂಕಾಗಿದೆ, ಅಳತೆ ಎಲ್ಲಾ ಒಂದೇ. ಯಾಕಿರಬಹುದು?

ಪಿಕ್ಚರ್‌ಟ್ಯೂಬ್, ಹಾಸನ

ದೀಪದ್ದು. ಪಾದರಸದ ಟ್ಯೂಬು ಬಿಸಿಯಾಗುವ ತನಕ ಒಳಗಿನ ಆವಿಯ ಒತ್ತಡ ಬದಲಾಗುತ್ತಾ ಇರುತ್ತದೆ, ಬೆಳಕೂ ಬದಲಾಗುತ್ತದೆ. ಕಾಲು ಗಂಟೆ ಉರಿಯಲು ಬಿಟ್ಟು ಆಮೇಲೆ ಅಳೆಯಿರಿ. ಸಂಜೆ ವೋಲ್ಟೇಜ್ ಇಳಿಯುವ ಏರಿಯಾ ಆದರೆ ಸ್ಟೆಬಿಲೈಜರ್ ಹಾಕಿ.

ಹೇಮಾವತಿ_ದಂಡೆ, ಸಕಲೇಶಪುರ / ಬೆಂಗಳೂರು

ಶೇ. 0.1 ಸಾಲುವುದಿಲ್ಲ ಕಣೇ. 20 ನ್ಯಾನೋಮೀಟರಿನ ಹರಳಿನಲ್ಲಿ ಆಗಲೂ 112 ಯುರೋಪಿಯಂ ಉಳಿಯುತ್ತದೆ. ಒಂದೇ ಒಂದು ಬೇಕೆಂದರೆ ಶೇ. 0.001ಕ್ಕೆ ಇಳಿಸಬೇಕು. ಅಲ್ಲಿ ಬೇರೆ ತಲೆನೋವು. ನೀನು ತರಿಸಿದ ಯಿಟ್ರಿಯಂ 99.9 ಶುದ್ಧ ಅಂದುಕೋ, ಉಳಿದ 0.1ರಲ್ಲಿ ಬೇರೆ ರೇರ್-ಅರ್ಥ್‌ಗಳು ಇರಬಹುದು, ಯಾಕೆಂದರೆ ಅವೆಲ್ಲ ಒಂದೇ ಅದಿರಿನಲ್ಲಿ ಇರುವ ಅಣ್ಣತಮ್ಮಂದಿರು. ನೀನು ಹಾಕಿದ ಯುರೋಪಿಯಂಗಿಂತ ಹಾಕದೇ ಬಂದದ್ದೇ ಜಾಸ್ತಿ ಆಗಬಹುದು. ಗಾತ್ರ 5 ನ್ಯಾನೋಮೀಟರಿಗೆ ಇಳಿಸಿದರೆ ಹರಳಿಗೆ 1,750 ಯಿಟ್ರಿಯಂ, ಶೇ. 0.1ರಲ್ಲಿ ಸರಾಸರಿ 1.75 ಯುರೋಪಿಯಂ. ಸರಾಸರಿ ಅಷ್ಟೇ. ಆರರಲ್ಲಿ ಒಂದು ಹರಳಿನಲ್ಲಿ ಏನೂ ಇರುವುದಿಲ್ಲ, ಕೆಲವದರಲ್ಲಿ ನಾಲ್ಕು ಇರುತ್ತದೆ. ಆದರೆ ಕಂಬಷನ್ನಿನಲ್ಲಿ 5 ನ್ಯಾನೋಮೀಟರ್ ಬಿಡಿ ಬಿಡಿ ಹರಳು ಸಿಗುವುದು ಕಷ್ಟ. ಹರಳುಗಳು ಅಂಟಿಕೊಂಡು ಮೈಕ್ರಾನ್ ಗಾತ್ರದ ತೂತು ತೂತಾದ ಮುದ್ದೆಯಾಗಿರುತ್ತವೆ. ಷೆರರ್ ಸೂತ್ರ ಒಳಗಿನ ಹರಳಿನ ಗಾತ್ರ ಹೇಳುತ್ತದೆ, ಮುದ್ದೆಯದ್ದಲ್ಲ. ಮೈಕ್ರೋಸ್ಕೋಪಿನಲ್ಲಿ ನಿನಗೆ ಕಾಣುವುದು ಮುದ್ದೆ.

ಅದೂ ದಾಟಿದೆ ಅಂದುಕೋ. ಒಂದು ಯುರೋಪಿಯಂಗೆ ಬೆಳಕು ಬಿಡಲು 1 ಮಿಲಿಸೆಕೆಂಡ್ ಬೇಕಾದರೆ ಸೆಕೆಂಡಿಗೆ ಹೆಚ್ಚೆಂದರೆ 1,000 ಫೋಟಾನ್. ಎಷ್ಟು ಲೇಸರ್ ಸುರಿದರೂ ಅಷ್ಟೇ. 20 ನ್ಯಾನೋಸೆಕೆಂಡಿನಲ್ಲಿ ಇಳಿಯುವ ಕ್ವಾಂಟಮ್ ಡಾಟಿಗೆ ಅದೇ ಮಿತಿ ಸೆಕೆಂಡಿಗೆ 5 ಕೋಟಿ. 1,000ದಲ್ಲಿ ಲೆನ್ಸು, ಫಿಲ್ಟರು, ಡಿಟೆಕ್ಟರು ಎಲ್ಲಾ ದಾಟಿ ಎಣಿಕೆಗೆ ಸಿಕ್ಕುವುದು ಶೇ. 3 ಅಂದರೂ 30. ಒಳ್ಳೇ ಡಿಟೆಕ್ಟರು ಕತ್ತಲಲ್ಲಿ ಸುಮ್ನೆ ಕೂತಿದ್ದರೂ ಅಷ್ಟು ಎಣಿಸುತ್ತದೆ. ಅದಕ್ಕೇ ಒಂದು ರೇರ್-ಅರ್ಥ್ ಅಯಾನನ್ನು ನೋಡುವುದು ಇವತ್ತಿಗೂ ಸಾಹಸದ ಕೆಲಸ, ಕೆಲಸ ಮಾಡುವವರು ಸೆಕೆಂಡುಗಟ್ಟಲೆ ಬೆಳಕು ಕೂಡಿಸಿಕೊಳ್ಳುತ್ತಾರೆ. ಸೆಕೆಂಡಿಗಿಂತ ಬೇಗ ಆಗುವ ಮಿಣುಕು ಆ ಕೂಡಿಕೆಯಲ್ಲೇ ಕರಗಿಹೋಗುತ್ತದೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದು ಬೇಡ. ಅಧ್ಯಾಯದ ಹೆಸರಿನಲ್ಲಿ 'ಬ್ಲಿಂಕಿಂಗ್' ಹಾಕಲೇಬೇಡ, ವೈವಾದಲ್ಲಿ ಎಕ್ಸ್‌ಟರ್ನಲ್ ಮೊದಲ ಪ್ರಶ್ನೆ ಅದರ ಮೇಲೇ ಕೇಳುತ್ತಾರೆ.

ಅದರ ಬದಲು ಲೈಫ್‌ಟೈಮ್, ಅಂದರೆ ಮೇಲೇರಿದ ಯುರೋಪಿಯಂ ಇಳಿಯಲು ತೆಗೆದುಕೊಳ್ಳುವ ಸಮಯ, ಅಳೆ. ಮಿಲಿಸೆಕೆಂಡ್ ಅಳೆಯಲು ದುಬಾರಿ ಲೇಸರ್ ಬೇಡ, ಮಿಣುಕುವ ಫ್ಲಾಶ್ ಲ್ಯಾಂಪ್ ಇರುವ ಸ್ಪೆಕ್ಟ್ರೋಫ್ಲೂರೋಮೀಟರ್ (ಹೊಳೆಯುವ ಬೆಳಕನ್ನು ಬಣ್ಣ ಬಣ್ಣವಾಗಿ ಅಳೆಯುವ ಯಂತ್ರ) ಸಾಕು. ನಿನ್ನ ಮಳೆಗಾಲದ ಬ್ಯಾಚಿನ ಉತ್ತರವೂ ಅಲ್ಲೇ ಸಿಗುತ್ತದೆ. ನೈಟ್ರೇಟುಗಳು ಗಾಳಿಯ ನೀರು ಹೀರುತ್ತವೆ, ಹಾಗಾಗಿ ನೀನು ತೂಗಿದ್ದು ಅಷ್ಟೇ ಇದ್ದರೂ ಅದರಲ್ಲಿ ಲೋಹ ಕಡಿಮೆ, ಯೂರಿಯಾದ ಜೊತೆಗಿನ ಪ್ರಮಾಣ ತಪ್ಪುತ್ತದೆ, ಉರಿ ಬದಲಾಗುತ್ತದೆ. ಆಮೇಲೆ ಪುಡಿಯೂ ನೀರು, ಇಂಗಾಲದ ಡೈಆಕ್ಸೈಡ್ ಎರಡನ್ನೂ ಮೇಲ್ಮೈಗೆ ಹಿಡಿದುಕೊಳ್ಳುತ್ತದೆ. ಯುರೋಪಿಯಂ ಇಳಿಯಬೇಕಾದ ಶಕ್ತಿಯ ಅಂತರ ಸುಮಾರು 12,000 ತರಂಗಸಂಖ್ಯೆ (ಶಕ್ತಿ ಅಳೆಯುವ ಒಂದು ಮಾನ). ಓ-ಎಚ್ ಬಂಧದ ಕಂಪನ 3,400ರಷ್ಟು. ಮೂರು ನಾಲ್ಕು ಕಂಪನದಲ್ಲಿ ಇಡೀ ಶಕ್ತಿಯನ್ನು ನುಂಗಿಬಿಡುತ್ತದೆ, ಬೆಳಕು ಬರುವುದೇ ಇಲ್ಲ. 20 ನ್ಯಾನೋಮೀಟರ್ ಹರಳಿನಲ್ಲಿ ಮೇಲ್ಮೈಯಿಂದ 1 ನ್ಯಾನೋಮೀಟರ್ ಒಳಗೆ ಇರುವ ಭಾಗ ಶೇ. 27. ಅವರೆಲ್ಲ ನೀರಿನ ಪಕ್ಕದ ಮನೆಯವರು.

ಹಾಗಾಗಿ ಎರಡು ಬ್ಯಾಚಿನ ಲೈಫ್‌ಟೈಮ್ ತೆಗೆ. ಮಂಕಾದದ್ದರ ಲೈಫ್‌ಟೈಮ್ ಕೂಡ ಕಡಿಮೆ ಇದ್ದರೆ ನೀರೋ ಮೇಲ್ಮೈಯೋ ನುಂಗುತ್ತಿದೆ. ಲೈಫ್‌ಟೈಮ್ ಅಷ್ಟೇ ಇದ್ದು ಬೆಳಕು ಮಾತ್ರ ಕಡಿಮೆ ಇದ್ದರೆ ಹೀರುವುದೇ ಕಡಿಮೆಯಾಗಿದೆ, ಇಲ್ಲವೇ ಪುಡಿ ಸುಟ್ಟು ಉಳಿದ ಇಂಗಾಲದಿಂದ ಕಂದಾಗಿದೆ. ಆಮೇಲೆ ಒಂದಿಷ್ಟು ಪುಡಿಯನ್ನು 900 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ ಮತ್ತೆ ಅಳೆ. ಹೊಳಪು ಏರುತ್ತದೆ, ಹರಳೂ ಬೆಳೆಯುತ್ತದೆ, ಎಕ್ಸ್‌ಆರ್‌ಡಿ ಪೀಕು ಸಪೂರವಾಗುತ್ತದೆ. ಆಗ ನಿನ್ನ ಹರಳನ್ನು 'ನ್ಯಾನೋ' ಅನ್ನಬಹುದಾ ಬಿಡಬೇಕಾ ಅಂತ ನೀನೇ ಕೂತು ಯೋಚಿಸಬೇಕು.

ಗಿರಿತಪ್ಪಲು, ಚಿಕ್ಕಮಗಳೂರು

ಇದರ ಜೊತೆಗೆ ಇನ್ನೊಂದು ಸುಲಭದ ಅಳತೆ ಮಾಡಮ್ಮಾ. ಸ್ಪೆಕ್ಟ್ರಮ್ಮಿನಲ್ಲಿ 590ರ ಸುತ್ತ ಒಂದು ಸಣ್ಣ ಗುಂಪು, 612ರಲ್ಲಿ ದೊಡ್ಡ ಪೀಕು ಇರುತ್ತದೆ. 590ರದ್ದು ಕಾಂತೀಯ ದ್ವಿಧ್ರುವದ್ದು, ಸುತ್ತಮುತ್ತಲು ಬದಲಾದರೂ ಅದು ಹೆಚ್ಚು ಬದಲಾಗುವುದಿಲ್ಲ. 612 ಬಹಳ ನಾಜೂಕು. ಯಿಟ್ರಿಯಂ ಆಕ್ಸೈಡಿನಲ್ಲಿ ಎರಡು ಬಗೆಯ ಜಾಗಗಳಿವೆ, ನಾಲ್ಕರಲ್ಲಿ ಮೂರು ಜಾಗಕ್ಕೆ ಸಮ್ಮಿತಿಯ ಕೇಂದ್ರ ಇಲ್ಲ, ಒಂದಕ್ಕೆ ಇದೆ. ಕೇಂದ್ರ ಇಲ್ಲದ ಜಾಗದ ಯುರೋಪಿಯಂ ಮಾತ್ರ 612 ಕೊಡುತ್ತದೆ. ಎರಡರ ಅನುಪಾತವನ್ನು ಕಾಯಿಸುವ ಮೊದಲು, ಕಾಯಿಸಿದ ಮೇಲೆ ಹೋಲಿಸಿದರೆ ಒಂದು ಗ್ರಾಫ್ ತಾನಾಗಿಯೇ ಬರುತ್ತದೆ.

ಪೀಠಿಕೆಯಲ್ಲಿ ನಮ್ಮವರೊಬ್ಬರ ಹೆಸರು ಬಿಡಬೇಡಿ. ನೀವು ಮಾಡಿದ ಈ ನೈಟ್ರೇಟ್-ಯೂರಿಯಾ ಕಂಬಷನ್ ವಿಧಾನವನ್ನು 1980ರ ದಶಕದಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊ. ಕೆ.ಸಿ. ಪಾಟೀಲರು ಬೆಳೆಸಿದ್ದು. ಎಷ್ಟೋ ಥೀಸಿಸುಗಳಲ್ಲಿ ವಿಧಾನ ಇರುತ್ತದೆ, ಹೆಸರು ಇರುವುದಿಲ್ಲ, ನನಗೆ ಅದು ಸರಿ ಕಾಣುವುದಿಲ್ಲ.

ಸುಮ್ನೆ_ಓದುಗ, ಮೂಡಿಗೆರೆ

ಅರ್ಧ ಅರ್ಥ ಆಯ್ತು, ಅರ್ಧ ತಲೆ ಮೇಲೆ ಹೋಯ್ತು. ಆದರೂ ಒಂದು ಸಂಶಯ. ಮಿಣುಕುವುದಿಲ್ಲ, ಮಾಸುವುದಿಲ್ಲ ಅಂದಮೇಲೆ ಎಲ್ಲರೂ ಕ್ವಾಂಟಮ್ ಡಾಟ್ ಬಿಟ್ಟು ಇದನ್ನೇ ಬಳಸಬಹುದಲ್ವಾ?

ಹೇಮಾವತಿ_ದಂಡೆ, ಸಕಲೇಶಪುರ / ಬೆಂಗಳೂರು

ಬೆಳಕು ಸಾಲುವುದಿಲ್ಲ ಸರ್. 4ಎಫ್‌ನ ಹೀರುವ ಶಕ್ತಿ ಒಂದು ಒಳ್ಳೇ ಡೈ ಅಣುವಿಗಿಂತ ಸಾವಿರಾರು ಪಟ್ಟು ಕಡಿಮೆ. ಅದಕ್ಕೇ ಒಂದು ಕಣದಲ್ಲಿ ಸಾವಿರಾರು ಅಯಾನ್ ತುಂಬಬೇಕಾಗುತ್ತದೆ, ಕಣ ದೊಡ್ಡದಾಗುತ್ತದೆ. ಚಿಕ್ಕದು ಮಾಡಿದರೆ ಮೇಲ್ಮೈಯೇ ಜಾಸ್ತಿಯಾಗಿ ಬೆಳಕು ಸೋರುತ್ತದೆ. ಟಿವಿ ಪರದೆಗೆ ಡಾಟೇ ವಾಸಿ. ರಕ್ತ, ಮಾಂಸದ ಒಳಗೆ ನೋಡಬೇಕು ಅಂದಾಗ ಇನ್‌ಫ್ರಾರೆಡ್‌ನಲ್ಲಿ ಹೊತ್ತಿಸುವ ಈ ಕಣಗಳಿಗೆ ಬೆಲೆ. ಅಲ್ಲೂ 980ರ ಬೆಳಕನ್ನು ಮೈಯಲ್ಲಿರುವ ನೀರೇ ಹೀರಿ ಬಿಸಿಯಾಗುತ್ತದೆ ಅಂತ ನಿಯೋಡೈಮಿಯಂ ಸೇರಿಸಿ 808ಕ್ಕೆ ಹೋಗುತ್ತಾರೆ.

ಪಿಕ್ಚರ್‌ಟ್ಯೂಬ್, ಹಾಸನ

ತಂಗಿ, ಸ್ಥಿರವಾದ ಬೆಳಕು ಬೇಕಿದ್ದರೆ ಚೋಕ್ ತೆಗೆದು ಎಲೆಕ್ಟ್ರಾನಿಕ್ ಬ್ಯಾಲಸ್ಟ್ ಹಾಕಬಹುದು. ಟ್ಯೂಬಿನ ಮೇಲೆ ಎಷ್ಟು ವ್ಯಾಟ್ ಅಂತ ಬರೆದಿದೆ ನೋಡಿ ಇಲ್ಲಿ ಹಾಕಿ, ಅದಕ್ಕೆ ಸರಿಯಾದದ್ದೇ ಆಗಬೇಕು. ಮೊದಲು ಲ್ಯಾಬಿನವರನ್ನು ಕೇಳಿ, ನಾನು ಬಿಚ್ಚಿದೆ ಅಂತ ನಿಮಗೆ ಬೈಗುಳ ಬೇಡ.

ಕೆಂಪುಪುಡಿ_ಹುಡುಗಿ, ಹಾಸನ

8 ವ್ಯಾಟ್ ಅಣ್ಣಾ, ಎರಡು ಟ್ಯೂಬ್ ಇದೆ. ಲ್ಯಾಬ್ ಅಟೆಂಡರ್ ಹತ್ರ ಕೇಳಿ ಸೋಮವಾರ ಹೇಳ್ತೀನಿ.